ಇಪ್ಪತ್ತೊಂದನೇ ಮೆಟ್ಟಿಲು

ಕ್ವೇ ಅಜ್ಜಿಗೆ ಮಂಡಿ ನೋವು ಶುರುವಾದದ್ದು ಮನೆಗೆ ಗಾಜಿನ ಮೆಟ್ಟಿಲು ಬಂದ ವಾರದಲ್ಲೇ.

ಅದಕ್ಕೆ ಮುಂಚೆ ಆ ಮಂಡಿಗೆ ಏನೂ ಆಗಿರಲಿಲ್ಲ. ಅಜ್ಜಿಗೆ ಎಂಬತ್ತೆರಡು. ಗಂಡ ತೀರಿಕೊಂಡು ಮೂವತ್ತೊಂದು ವರ್ಷ. ಅಷ್ಟೂ ವರ್ಷ ಒಂದು ದಿನ ತಪ್ಪದಂತೆ, ಬೆಳಗ್ಗೆ ಎದ್ದು ಮುಖ ತೊಳೆದು, ಊದುಬತ್ತಿ ಹಿಡಿದು ಮಹಡಿ ಹತ್ತುತ್ತಿದ್ದಳು. ಹಿರಿಯರ ಪೀಠದ ಮೇಲಿದ್ದ ಗಂಡನ ಫೋಟೋಗೆ ಕೈಮುಗಿದು, "ಎದ್ರಾ? ಚಹಾ ತಣ್ಣಗಾಗುತ್ತೆ" ಎಂದು ಗದರಿ ಇಳಿದು ಬರುತ್ತಿದ್ದಳು. ಈಗ ಕೆಳಗೇ ಕೂತು, "ಮಂಡಿ ನೋವು ಕಣವ್ವ, ನೀನೇ ಹಚ್ಚಿ ಬಾ" ಎಂದು ಸೊಸೆಯ ಕೈಗೆ ಊದುಬತ್ತಿ ಕೊಡುತ್ತಾಳೆ.

ಸೊಸೆ ಮಿಯೆನ್ ನಂಬಿದಳು. ವಯಸ್ಸಾದವರಿಗೆ ಮಂಡಿ ನೋವು ಬರುವುದು ಹೊಸದೇ? ನಾವು ನೀವಾಗಿದ್ದರೂ ನಂಬುತ್ತಿದ್ದೆವು.

ಮಿಯೆನ್‌ಗೆ ಐವತ್ತೆಂಟು. ಹಾಯ್ ಫೋಂಗ್ ಊರಲ್ಲಿ ಆವ್ ಜಾಯ್ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮದುವೆಯ ಹೆಣ್ಣು ತೊಡುವ ಆ ಉದ್ದ ನಿಲುವಂಗಿ ಅವಳ ಕತ್ತರಿಯಿಂದ ಬಂದದ್ದು ಎಂದರೆ ಬೀಗರ ಮನೆಯಲ್ಲೂ ಒಂದು ತೂಕ. ಮನೆ ಮಾತ್ರ ಆ ಓಣಿಯ ಎಲ್ಲ ಮನೆಗಳ ಹಾಗೆ ಕೊಳವೆ: ಅಗಲ ಎರಡು ಮಾರು, ಉದ್ದ ಹೋದಷ್ಟೂ ಹೋಗುತ್ತದೆ. ಕೆಳಗೆ ಅವಳು ಬಟ್ಟೆ ಕತ್ತರಿಸುವ ಅಂಗಡಿ ಮತ್ತು ಅಜ್ಜಿಯ ಕೋಣೆ. ಮೇಲೆ ಹೊಲಿಗೆ ಕೋಣೆ, ಅದರ ಹಿಂದೆ ಹಿರಿಯರ ಪೀಠ. ನಡುವೆ ಹಳೇ ಸಿಮೆಂಟ್ ಮೆಟ್ಟಿಲು ಗೋಡೆಯ ಹಾಗೆ ಅಡ್ಡ ಕೂತು, ಮಾಡಿನ ಕಿಂಡಿಯಿಂದ ಬರುವ ಬೆಳಕನ್ನೆಲ್ಲ ತಾನೇ ನುಂಗುತ್ತಿತ್ತು. ಮಿಯೆನ್ ಮೂವತ್ತು ವರ್ಷ ಹಗಲಲ್ಲೂ ದೀಪ ಹಾಕಿಕೊಂಡೇ ಬಟ್ಟೆ ಕತ್ತರಿಸಿದವಳು.

ಮಗ ತೊವಾನ್ ಅಮ್ಮನ ಕಷ್ಟ ನೋಡಿ, ಫೋನಿನಲ್ಲಿ ಒಂದು ಚಿತ್ರ ಆರಿಸಿ, ಲಾಮ್ ಎಂಬ ಕೆಲಸಗಾರನನ್ನು ಕರೆಸಿದ. ನಡುವೆ ಒಂದು ಕಬ್ಬಿಣದ ತೊಲೆ, ಅದರ ಮೇಲೆ ಗಾಜಿನ ಹಲಗೆಗಳು, ಪಕ್ಕಕ್ಕೂ ಗಾಜು. ಎಲ್ಲ ಮುಗಿದ ದಿನ ಬಿಸಿಲು ಮೇಲಿನಿಂದ ಸೀದಾ ಇಳಿದು ಮಿಯೆನ್‌ಳ ಕತ್ತರಿ ಮೇಜಿನ ಮೇಲೆ ಬಿತ್ತು. ಅವಳು ಅತ್ತೇ ಬಿಟ್ಟಳು.

ಓಣಿಗೆ ಓಣಿಯೇ ನೋಡಲು ಬಂತು. ಬಂದವರಿಗೆಲ್ಲ ಅವಳು ಒಂದು ಮಾತು ಮರೆಯದೆ ಹೇಳುತ್ತಿದ್ದಳು: "ಎಣಿಸಿ ನೋಡಿ. ಇಪ್ಪತ್ತೊಂದು!"

ಆ ಸೀಮೆಯಲ್ಲಿ ಮೆಟ್ಟಿಲು ಎಣಿಸುವ ರೀತಿಯೇ ಬೇರೆ. ಹುಟ್ಟು, ಮುಪ್ಪು, ರೋಗ, ಸಾವು. ಮತ್ತೆ ಹುಟ್ಟು, ಮುಪ್ಪು, ರೋಗ, ಸಾವು. ಕೊನೆಯ ಹೆಜ್ಜೆ ಹುಟ್ಟಿನ ಮೇಲೆ ಬಿದ್ದರೆ ಮನೆಗೆ ಒಳ್ಳೆಯದು. ಲಾಮ್ ಮಾಡಿದ್ದು ಮೊದಲು ಇಪ್ಪತ್ತು. ಇಪ್ಪತ್ತು ಎಂದರೆ ಸಾವು. ಕ್ವೇ ಅಜ್ಜಿ ಎಣಿಸಿ ನೋಡಿ, ಊಟ ಬಿಟ್ಟು ಕೂತಳು. ಕೊನೆಗೆ ಲಾಮ್ ತಲೆ ಕೆರೆದುಕೊಂಡು, ಎಲ್ಲಕ್ಕಿಂತ ಕೆಳಗೆ ಗಿಡ್ಡದೊಂದು ಗಾಜಿನ ಹಲಗೆ ಸೇರಿಸಿ ಲೆಕ್ಕ ಸರಿಮಾಡಿದ. ಅಜ್ಜಿ ಉಂಡಳು. ಎಲ್ಲರೂ ಖುಷಿಯಾದರು.

ಹೆಮ್ಮೆ ಪಡಬಾರದೇ? ಪಡಬೇಕು. ಕಷ್ಟಪಟ್ಟು ಮಾಡಿಸಿದ್ದಕ್ಕೆ ಪಡದೆ ಇನ್ನಾವುದಕ್ಕೆ ಪಡುವುದು? ಆದರೆ ಮಾವನ ಪುಣ್ಯತಿಥಿಗೆ ಹನ್ನೆರಡು ದಿನ ಉಳಿದಿರುವಾಗ ದಿಯೆಪ್ ಬಂದಳು.

ದಿಯೆಪ್ ಮಿಯೆನ್‌ಳ ಬಾಲ್ಯದ ಗೆಳತಿ. ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ ನಿಂತು, ನಿವೃತ್ತಳಾದವಳು. ತಂಗಿಯ ಮಗಳ ಮದುವೆಗೆ ತಾನು ತೊಡಲು ಆವ್ ಜಾಯ್ ಹೊಲಿಸಬೇಕಿತ್ತು. ಅದು ನೋಮ್ ಹವೆಯ ಕಾಲ. ಸಮುದ್ರದ ಕಡೆಯಿಂದ ಬರುವ ಬೆಚ್ಚನೆಯ ತೇವಕ್ಕೆ ಗೋಡೆ, ನೆಲ, ಕನ್ನಡಿ ಎಲ್ಲ ಬೆವರುವ ದಿನಗಳು.

"ಬಾರೇ, ಮೇಲೆ ಹೋಗೋಣ. ಅಳತೆ ತಗೋತೀನಿ," ಎಂದಳು ಮಿಯೆನ್, ಗತ್ತಿನಿಂದ ಮೆಟ್ಟಿಲ ಕಡೆ ಕೈ ತೋರಿಸಿ.

ದಿಯೆಪ್ ಹತ್ತಲಿಲ್ಲ. ಮೆಟ್ಟಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಜಿನ ಮೇಲೆ ಅಂಗೈ ಎಳೆದಳು. ಅಂಗೈ ಒದ್ದೆಯಾಯಿತು. ಫೋನಿನ ಟಾರ್ಚ್ ಹಾಕಿ ಹಲಗೆಯ ಅಂಚನ್ನು ನೋಡಿದಳು.

"ಎಷ್ಟು ಪದರ ಇದು?"

"ಪದರವಾ? ಇದೇನು ಕೇಕೇನೇ?"

"ನಗಬೇಡ. ಅಂಚು ನೋಡು. ಪೂರ್ತಿ ಒಂದೇ ಗಾಜು. ಎರಡು ಮೂರು ಗಾಜು ಅಂಟಿಸಿದ್ರೆ ನಡುವೆ ಗೆರೆ ಕಾಣುತ್ತೆ. ಇಲ್ಲಿ ಗೆರೇನೇ ಇಲ್ಲ."

"ದಪ್ಪ ಇದೆಯಲ್ಲ! ಕುಲುಮೇಲಿ ಕಾಯ್ಸಿ ಗಟ್ಟಿ ಮಾಡಿದ್ದು ಅಂದ ಲಾಮ್. ಆನೆ ಹತ್ತಿದ್ರೂ ಏನೂ ಆಗಲ್ವಂತೆ."

"ಆನೆ ಹತ್ತಿದ್ರೆ ಆಗಲ್ಲ. ಅಂಚಿಗೆ ಒಂದು ಸುತ್ತಿಗೆ ಏಟು ಬಿದ್ರೆ ಆಗುತ್ತೆ," ಎಂದಳು ದಿಯೆಪ್. "ಇಂಥ ಗಾಜು ಬೇಯಿಸಿದೋಳು ಕಣೇ ನಾನು, ನಂಗೆ ಗೊತ್ತಿಲ್ವಾ? ಗಟ್ಟಿ, ನಿಜ. ಆದ್ರೆ ಹೋಗೋವಾಗ ಹೇಳಿ ಹೋಗಲ್ಲ. ನಮ್ಮ ಕ್ಯಾಂಟೀನ್ ಮೇಜು ಒಂದಿನ ಊಟದ ಹೊತ್ತಲ್ಲಿ ಢಬ್ ಅಂತು. ನೋಡಿದ್ರೆ ಮೇಜೇ ಇಲ್ಲ, ಬರೀ ಕಲ್ಲುಸಕ್ಕರೆ ಥರ ಚೂರು. ಅದು ಮೇಜು, ಹೋಗ್ಲಿ. ಕಾಲಡಿ ಮೆಟ್ಟಿಲು ಹಾಗೆ ಮಾಯ ಆದ್ರೆ?"

"ಥೂ, ಬಿಡ್ತು ಅನ್ನೇ!"

"ಪದರದ ಗಾಜಾದ್ರೆ ಒಂದು ಒಡೆದ್ರೂ ನಡುವಿನ ಹಾಳೆ ಚೂರುಗಳನ್ನ ಹಿಡ್ಕೊಂಡಿರುತ್ತೆ, ಉಳಿದ ಪದರ ಭಾರ ಹೊರುತ್ತೆ. ಬಿರುಕು ಕಂಡ ತಕ್ಷಣ ಇಳಿದು ಬರಬಹುದು. ಅಷ್ಟೇ ಅಲ್ಲ, ಇದು ನೋಡು, ಕನ್ನಡಿ ಹಂಗೆ ನುಣುಪು. ಈ ಹವೇಲಿ ಬೆವರ್ತಿದೆ. ಪಕ್ಕದ ಗಾಜಿಗೆ ಹಿಡ್ಕೊಳ್ಳೋಕೆ ರೇಲಿಂಗೇ ಇಲ್ಲ. ಜಾರಿದ್ರೆ ಏನನ್ನ ಹಿಡೀತೀಯಾ, ಬೆಳಕನ್ನಾ?"

ಮಿಯೆನ್‌ಗೆ ಚುರ್ ಎಂದಿತು. "ಹೊಟ್ಟೆಕಿಚ್ಚು ಕಣೇ ನಿಂಗೆ. ಜೀವಮಾನ ಎಲ್ಲಾ ಗಾಜು ಮಾಡಿದೆ, ಮನೇಲಿ ಮಾತ್ರ ಸಿಮೆಂಟ್ ಮೆಟ್ಟಿಲು."

"ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದಳು ದಿಯೆಪ್, ಎದ್ದು ಮಂಡಿ ತಟ್ಟಿಕೊಳ್ಳುತ್ತ. "ಗಾಜಿನ ಮೆಟ್ಟಿಲು ಬೇಡ ಅಂದ್ನಾ ನಾನು? ಸರಿಯಾಗಿ ಮಾಡಿದ್ರೆ ಅದರಂಥದ್ದು ಇನ್ನೊಂದಿಲ್ಲ. ಆದ್ರೆ ಇದನ್ನ ನಾನು ಹತ್ತಲ್ಲ. ಅಳತೆ ಇಲ್ಲೇ ತಗೋ."

ಅಳತೆ ಕೆಳಗೇ ಆಯಿತು. ಮಿಯೆನ್ ಟೇಪನ್ನು ಗೆಳತಿಯ ಸೊಂಟಕ್ಕೆ ಬೇಕೆಂದೇ ಸ್ವಲ್ಪ ಬಿಗಿಯಾಗಿ ಎಳೆದಳು. ದಿಯೆಪ್ ಹೋದ ಮೇಲೆ, "ಜಾರೋರು ಎಲ್ಲಿದ್ರೂ ಜಾರ್ತಾರೆ" ಎಂದು ಗೊಣಗಿಕೊಂಡು, ಬಟ್ಟೆ ತಂದು ಮೆಟ್ಟಿಲನ್ನು ಇನ್ನಷ್ಟು ಫಳಫಳ ಉಜ್ಜಿದಳು.

ಮಾರನೇ ಬೆಳಗ್ಗೆ ಅವಳು ಎಂದಿಗಿಂತ ಬೇಗ ಎದ್ದಳು. ಅಡುಗೆ ಮನೆಯಿಂದ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಕ್ವೇ ಅಜ್ಜಿ ಮೆಟ್ಟಿಲ ಬುಡದಲ್ಲಿದ್ದಳು. ಕೈಯಲ್ಲಿ ಹಚ್ಚಿದ ಊದುಬತ್ತಿ. ಒಂದು ಕಾಲು ಮುಂದೆ ಚಾಚಿ, ಗಾಜು ಎಲ್ಲಿದೆ ಎಂದು ಹೆಬ್ಬೆರಳಲ್ಲಿ ತಡಕಾಡುತ್ತಿದ್ದಳು. ಬೆರಳು ಗಿಡ್ಡ ಹಲಗೆಗೆ ತಾಗಿದೊಡನೆ ಬೆಂಕಿ ಮುಟ್ಟಿದವಳಂತೆ ಕಾಲು ಹಿಂದಕ್ಕೆಳೆದುಕೊಂಡಳು. ಆಮೇಲೆ ಅಕ್ಕಿ ತುಂಬಿದ ಒಂದು ಲೋಟವನ್ನು ನೆಲದ ಮೇಲಿಟ್ಟು, ಅದರಲ್ಲಿ ಊದುಬತ್ತಿ ಸಿಕ್ಕಿಸಿ, ಮೇಲಕ್ಕೆ ಮುಖ ಎತ್ತಿ ಕೈಮುಗಿದಳು.

"ಕೋಪ ಮಾಡ್ಕೋಬೇಡಿ. ಇವತ್ತೂ ಕೆಳಗಿಂದ್ಲೇ ಕೈಮುಗೀತೀನಿ," ಎಂದಳು ಗಂಡನಿಗೆ.

"ಅತ್ತೆ," ಎಂದಳು ಮಿಯೆನ್ ಮೆಲ್ಲಗೆ. ಅಜ್ಜಿ ಬೆಚ್ಚಿ ತಿರುಗಿದಳು.

"ಮಂಡಿ ನೋವು ಸುಳ್ಳಾ ಅತ್ತೆ?"

ಅಜ್ಜಿ ಪೈಜಾಮ ಎತ್ತಿ ತೋರಿಸಿದಳು. ಮೊಣಕಾಲಿನಿಂದ ಕೆಳಗೆ ಒಂದು ಗೇಣು ಹಸಿರುಗಟ್ಟಿದ ಪೆಟ್ಟು. ಎರಡು ವಾರದಿಂದ ಕೋಣೆಯಲ್ಲಿ ಮುಲಾಮಿನ ವಾಸನೆ ಯಾಕೆ ಎಂದು ಮಿಯೆನ್‌ಗೆ ಈಗ ಗೊತ್ತಾಯಿತು.

"ಮೂರನೇ ದಿನವೇ ಬಿದ್ದೆ. ಇಳಿಯೋವಾಗ ನೆಲ ಬಂತು ಅಂದ್ಕೊಂಡೆ, ಇನ್ನೊಂದು ಗಿಡ್ಡ ಮೆಟ್ಟಿಲು ಉಳಿದಿತ್ತು. ನೆಲವೂ ಗಾಜೂ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತೆ ಕಣವ್ವ."

"ಅಯ್ಯೋ ದೇವರೇ! ಯಾಕೆ ಹೇಳಲಿಲ್ಲ ನೀವು?"

"ಹೇಗೆ ಹೇಳ್ಲಿ? ಊಟ ಬಿಟ್ಟು, ಹಠ ಹಿಡಿದು ಹಾಕ್ಸಿದ ಮೆಟ್ಟಿಲು. ಅದಕ್ಕೇ ನಾನು ಎಡವಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನು ಬೇರೆ ಬಂದೋರಿಗೆಲ್ಲ ಇಪ್ಪತ್ತೊಂದು ಇಪ್ಪತ್ತೊಂದು ಅಂತ ಹೇಳ್ಕೊಂಡು ಅಷ್ಟು ಸಂತೋಷವಾಗಿದ್ದೆ." ಅಜ್ಜಿ ಮೂಗು ಒರೆಸಿಕೊಂಡಳು. "ಪುಣ್ಯತಿಥಿ ದಿನ ಮಾತ್ರ ಹೇಗಾದ್ರೂ ಮಾಡಿ ಮೇಲೆ ಕರ್ಕೊಂಡು ಹೋಗು. ತೆವಳಿಕೊಂಡಾದ್ರೂ ಬರ್ತೀನಿ. ಆವತ್ತೂ ನಾನು ಹೋಗ್ಲಿಲ್ಲ ಅಂದ್ರೆ ಅವರಿಗೆ ಏನನ್ಸುತ್ತೆ?"

ಮಿಯೆನ್ ಅತ್ತೆಯ ಕಣ್ಣಿಗೆ ಹೇಗೆ ಕಾಣುತ್ತದೋ ನೋಡಲೆಂದು ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಪುಣ್ಯತಿಥಿಯ ತಟ್ಟೆ ಹೊರುವವರ ಹಾಗೆ ದೊಡ್ಡದೊಂದು ತಟ್ಟೆ ಎರಡೂ ಕೈಯಲ್ಲಿ ಹಿಡಿದು ತಾನೇ ಮೆಟ್ಟಿಲು ಹತ್ತಿ ನೋಡಿದಳು. ಕಾಲು ಕಾಣಲಿಲ್ಲ, ಮೆಟ್ಟಿಲೂ ಕಾಣಲಿಲ್ಲ. ಮೊದಲೆರಡು ಹೆಜ್ಜೆ ಗಿಡ್ಡ, ಮೂರನೆಯದು ತಟ್ಟನೆ ಎತ್ತರ. ಪಾದ ಅಂಚಿಗೆ ತಾಗಿ ಮುಗ್ಗರಿಸಿದಳು. ಕೈ ತಾನಾಗಿ ಪಕ್ಕಕ್ಕೆ ಹೋಯಿತು. ನುಣ್ಣನೆ ಗಾಜು, ಹಿಡಿಯಲು ಏನೂ ಇಲ್ಲ. ತಟ್ಟೆ ಠಣಠಣ ಎಂದು ಕೆಳಗೆ ಉರುಳಿತು. ಅವಳು ಅಲ್ಲೇ ಕೂತುಬಿಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಪುಣ್ಯಕ್ಕೆ ಇಲ್ಲಿ ಪೂರ್ತಿ ಕೆಟ್ಟಿರಲಿಲ್ಲ.

ಹತ್ತು ಗಂಟೆಗೆಲ್ಲ ಅವಳು ದಿಯೆಪ್‌ಳ ಮನೆ ಬಾಗಿಲಲ್ಲಿದ್ದಳು, ಕೈಯಲ್ಲಿ ಒಂದು ಪೊಟ್ಟಣ ಶೇಂಗಾ ಚಿಕ್ಕಿ.

"ಓಹೋ! ಗಾಜಿನ ಅರಮನೆ ರಾಣಿ ಸಿಮೆಂಟ್ ಗುಡಿಸಲಿಗೆ ಬಂದ್ರಾ?" ಎಂದಳು ದಿಯೆಪ್.

"ಬಯ್ಯೋದಿದ್ರೆ ಚಹಾ ಕೊಟ್ಟು ಬಯ್ಯಿ. ನಮ್ಮತ್ತೆ ಬಿದ್ದಿದಾರೆ."

ದಿಯೆಪ್‌ಳ ನಗು ನಿಂತಿತು. ಎಲ್ಲ ಕೇಳಿದಳು. ಆಮೇಲೆ ಚಿಕ್ಕಿ ಮುರಿದು ಬಾಯಿಗಿಟ್ಟುಕೊಂಡು ಕೇಳಿದಳು: "ಒಂದು ಹೇಳು. ಅಂಗಿಗೆ ಇಪ್ಪತ್ತು ಗುಂಡಿ ಇಟ್ಟಿದೀಯ. ಗಿರಾಕಿ ಬಂದು ಇಪ್ಪತ್ತೊಂದೇ ಬೇಕು ಅಂತ ಹಠ ಮಾಡ್ತಾಳೆ. ಕೊನೇ ಎರಡು ಗುಂಡೀನ ಒತ್ತೊತ್ತಾಗಿ ಹೊಲಿದು ಕೊಡ್ತೀಯಾ?"

"ಛೆ! ಅಂಗಿ ಮುಖಕ್ಕೆ ಎಸೀತಾಳೆ. ಎಲ್ಲಾ ಬಿಚ್ಚಿ, ಉದ್ದಾನ ಇಪ್ಪತ್ತೊಂದಕ್ಕೆ ಸಮ ಹಂಚಿ ಹೊಲೀತೀನಿ."

"ಮತ್ತೆ ಮೆಟ್ಟಿಲಿಗೆ?"

ಮಿಯೆನ್ ಹಣೆ ಚಚ್ಚಿಕೊಂಡಳು.

"ಕಾಲಿಗೂ ಲೆಕ್ಕ ಇರುತ್ತೆ ಕಣೇ," ಎಂದಳು ದಿಯೆಪ್. "ಎರಡು ಹೆಜ್ಜೆ ಇಟ್ಟ ಕೂಡ್ಲೇ ಅದು ಎತ್ತರ ಕಲಿತು ಬಿಡುತ್ತೆ. ಆಮೇಲೆ ಕಣ್ಣು ನೋಡಲ್ಲ, ಕಾಲೇ ಹೋಗುತ್ತೆ. ನಡುವೆ ಒಂದು ಮೋಸ ಮಾಡಿದ್ರೂ ಬಿತ್ತು. ಅತ್ತೆಯ ಇಪ್ಪತ್ತೊಂದು ಅವರಿಗೇ ಇರ್ಲಿ. ಅರ್ಧ ಮೆಟ್ಟಿಲು ಬೇಡ, ಇಪ್ಪತ್ತೊಂದೂ ಸಮ ಇರ್ಲಿ."

ಆ ಮಧ್ಯಾಹ್ನ ಲಾಮ್‌ನನ್ನು ಕರೆಸಿದರು. ಅವನು ಕೆಟ್ಟವನಲ್ಲ. "ಚಿತ್ರದಲ್ಲಿ ಹಿಂಗೇ ಇತ್ತಕ್ಕಾ, ರೇಲಿಂಗ್ ಹಾಕಿದ್ರೆ ಅಂದ ಹೋಗುತ್ತೆ ಅಂದ್ಕೊಂಡೆ," ಎಂದು ನೆಲ ನೋಡಿದ.

"ಚಿತ್ರದಲ್ಲಿ ಯಾರಾದ್ರೂ ಮೆಟ್ಟಿಲು ಹತ್ತುತಾ ಇದ್ರಾ?" ಎಂದು ಕೇಳಿದಳು ದಿಯೆಪ್.

ಇರಲಿಲ್ಲ.

ಅಳತೆ ಮಾತ್ರ ಮಿಯೆನ್ ಯಾರಿಗೂ ಬಿಟ್ಟುಕೊಡಲಿಲ್ಲ. ಕೊರಳಲ್ಲಿದ್ದ ದರ್ಜಿ ಟೇಪು ತೆಗೆದು ತಾನೇ ಹಿಡಿದಳು. ಕೆಳಗಿನ ಎರಡು ಎಂಟೂವರೆ ಸೆಂಟಿಮೀಟರ್, ಉಳಿದವೆಲ್ಲ ಹದಿನೇಳು. ಒಟ್ಟು ಎತ್ತರ ಮುನ್ನೂರ ನಲವತ್ತು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಇಪ್ಪತ್ತೊಂದು ಸಮ ಗೆರೆ ಎಳೆದಳು: ಒಂದೊಂದೂ ಹದಿನಾರು ಸೆಂಟಿಮೀಟರಿನ ಮೇಲೆ ಎರಡೇ ಮಿಲಿಮೀಟರು. ಲಾಮ್ ತನ್ನ ಟೇಪಿನಿಂದ ಪರೀಕ್ಷಿಸಿ, "ಅಕ್ಕಾ, ಕೂದಲೆಳೆ ವ್ಯತ್ಯಾಸ ಇಲ್ಲ," ಎಂದ. ಮಿಯೆನ್, "ಮೂವತ್ತು ವರ್ಷದ ಕೈ ಕಣಪ್ಪ ಇದು," ಎಂದಳು.

ತೊವಾನ್ ಸಂಜೆ ಕಚೇರಿಯಿಂದ ಬಂದವನು ಎಲ್ಲ ಕೇಳಿ, "ಅಮ್ಮ, ನಮ್ಮ ಆಫೀಸಲ್ಲೂ ಇಂಥದ್ದೇ ಮೆಟ್ಟಿಲು. ಹೋದ ತಿಂಗಳು ಒಬ್ಬಳು ಫೈಲು ಹಿಡ್ಕೊಂಡು ಇಳಿಯೋವಾಗ ಜಾರಿದ್ಲು. ಎತ್ತರದ ಚಪ್ಪಲಿ ಹಾಕಿದ್ದು ಅವಳದೇ ತಪ್ಪು ಅಂದ್ವಿ ಎಲ್ಲರೂ," ಎಂದ. ಮರುದಿನವೇ ಮ್ಯಾನೇಜರ್ ಮುಂದೆ ನಿಂತು ಮಾತಾಡಿದ. ಆ ವಾರ ಮುಗಿಯುವುದರೊಳಗೆ ಅಲ್ಲಿ ಪ್ರತಿ ಮೆಟ್ಟಿಲ ಅಂಚಿಗೂ ಒರಟು ಪಟ್ಟಿ ಅಂಟಿಸಿದರು. ಗಾಜನ್ನು ತಿಳಿದವರಿಂದ ಪರೀಕ್ಷೆ ಮಾಡಿಸುವ ತನಕ ಭಾರದ ಪೆಟ್ಟಿಗೆ ಹೊತ್ತು ಹತ್ತಬಾರದೆಂದು ಬೋರ್ಡು ಹಾಕಿದರು.

ಇತ್ತ ಮನೆಯಲ್ಲಿ ಎಂಟು ದಿನ ಕೆಲಸ. ಮೆಟ್ಟಿಲು ಬಿಚ್ಚಿಟ್ಟ ಅಷ್ಟೂ ದಿನ ಹಿತ್ತಲಿನ ಹಳೇ ಕಬ್ಬಿಣದ ಏಣಿಯೇ ಗತಿ. ಹೊಸ ಹಲಗೆಗಳು ಬಂದವು, ಮೂರು ಗಾಜು ಅಂಟಿಸಿದವು. ದಿಯೆಪ್ ಒಂದೊಂದರ ಅಂಚಿಗೂ ಟಾರ್ಚ್ ಹಿಡಿದು, ಎರಡೆರಡು ಗೆರೆ ಕಂಡ ಮೇಲೇ ಒಳಗೆ ಬಿಟ್ಟಳು. ಮೂಲೆ ಸ್ವಲ್ಪ ಸಿಡಿದಿದ್ದ ಒಂದನ್ನು ಮುಲಾಜಿಲ್ಲದೆ ವಾಪಸು ಕಳಿಸಿದಳು. ಗಾಜಿಗೂ ಕಬ್ಬಿಣಕ್ಕೂ ನಡುವೆ ರಬ್ಬರ್ ಇಲ್ಲದೆ ಒಂದು ಬೋಲ್ಟನ್ನೂ ತಿರುಗಿಸಗೊಡಲಿಲ್ಲ. ಹಲಗೆಯ ಮೇಲ್ಮೈ ಹಾಲಿನ ಬಣ್ಣದ್ದು, ಒರಟು. ಬೆಳಕು ಇಳಿಯುತ್ತದೆ, ನೋಟ ಇಳಿಯುವುದಿಲ್ಲ. ಇದನ್ನು ಕೇಳಿ ಹೊಲಿಗೆ ಕೆಲಸಕ್ಕೆ ಬರುವ ಇಬ್ಬರು ಹುಡುಗಿಯರು ಚಪ್ಪಾಳೆ ಹೊಡೆದರು.

"ಅಕ್ಕಾ, ಲಂಗ ಹಾಕ್ಕೊಂಡು ಬರೋದನ್ನೇ ಬಿಟ್ಟಿದ್ವಿ ನಾವು!"

"ಬಾಯಿ ಬಿಟ್ಟು ಹೇಳೋಕೇನಾಗಿತ್ರೇ?"

"ನಿಮ್ಮ ಮುಖ ನೋಡಿದ್ರೆ ಹೇಳೋಕೆ ಮನಸ್ಸು ಬರ್ತಿರ್ಲಿಲ್ಲ, ಅಷ್ಟು ಹಿಗ್ಗಿದ್ರಿ."

ಮೆಟ್ಟಿಲುಗಳ ಅಂಚಿಗೆಲ್ಲ ಕಪ್ಪು ಗೆರೆ ಬಂತು. ಎರಡೂ ಬದಿಗೆ, ಬುಡದಿಂದ ತುದಿಯವರೆಗೆ ಎಲ್ಲೂ ತುಂಡಾಗದ ಮರದ ರೇಲಿಂಗ್ ಬಂತು, ಮುಷ್ಟಿಯಲ್ಲಿ ಹಿಡಿಯುವಷ್ಟು ಗುಂಡಗೆ. ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವಿನ ಸಂದಿಗೆ ಪಟ್ಟಿ ಕೊಟ್ಟು, ಮಗುವಿನ ತಲೆ ತೂರದಷ್ಟು ಕಿರಿದು ಮಾಡಿದರು. ಬೆವರುವ ದಿನಗಳಲ್ಲಿ ಒರೆಸಲು ಒಣ ಬಟ್ಟೆಯೊಂದು ರೇಲಿಂಗಿನ ಬುಡದಲ್ಲೇ ನೇತಾಡಿತು.

ಪುಣ್ಯತಿಥಿಯ ದಿನವೂ ನೋಮ್ ಹವೆಯೇ. ಬೇಯಿಸಿದ ಕೋಳಿ, ಕೆಂಪು ಅಂಟಕ್ಕಿ ಅನ್ನ, ಕರಿದ ಸುರುಳಿಗಳ ಘಮ ಓಣಿಯ ತುದಿಗೂ ಮುಟ್ಟಿತ್ತು. ನೆಂಟರೆಲ್ಲ ಬಂದಿದ್ದರು. ತೊವಾನ್, "ಅಜ್ಜಿ, ಎತ್ಕೊಂಡು ಹೋಗ್ಲಾ?" ಎಂದ.

"ನಿನ್ನ ಅಜ್ಜ ಬದುಕಿದ್ದಾಗ್ಲೂ ನನ್ನ ಎತ್ಕೊಂಡಿಲ್ಲ, ನೀನು ಯಾರೋ?" ಎಂದಳು ಅಜ್ಜಿ.

ತಟ್ಟೆ ಹೊರುವ ಕೆಲಸ ಬೇರೆಯವರಿಗೆ ಹೋಯಿತು. ಅಜ್ಜಿಯ ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದು ಕೈ ರೇಲಿಂಗಿನ ಮೇಲೆ. ಮೊದಲ ಮೆಟ್ಟಿಲ ಮುಂದೆ ನಿಂತಳು. ಅಜ್ಜಿ ಹೆಬ್ಬೆರಳು ಚಾಚಿದಳು. ಒರಟು ಅಂಚು ಸಿಕ್ಕಿತು, ಕಪ್ಪು ಗೆರೆ ಕಂಡಿತು. ಪೂರ್ತಿ ಪಾದ ಊರಿದಳು.

"ಹುಟ್ಟು," ಎಂದಳು ಗಟ್ಟಿಯಾಗಿ. "ಮುಪ್ಪು. ರೋಗ. ಸಾವು. ಹುಟ್ಟು..."

ಐದನೆಯದಕ್ಕೆ ತಡಕಾಡುವುದು ನಿಂತಿತು. ಹತ್ತನೆಯದಕ್ಕೆ ಕಾಲು ಕಲಿತುಬಿಟ್ಟಿತು. ಮಿಯೆನ್ ಹಿಂದಿನಿಂದಲೇ ಹತ್ತುತ್ತಿದ್ದಳು, ಹಿಡಿಯಲು ಕೈ ಚಾಚಿಕೊಂಡು. ಹಿಡಿಯುವ ಅಗತ್ಯ ಬೀಳಲಿಲ್ಲ.

"ಸಾವು," ಎಂದಳು ಅಜ್ಜಿ ಇಪ್ಪತ್ತನೆಯದರ ಮೇಲೆ ನಿಂತು, ಒಂದು ಉಸಿರು ಎಳೆದುಕೊಂಡು. ಇನ್ನೊಂದು ಕಾಲು ಎತ್ತಿ ಮಹಡಿಯ ಮೇಲಿಟ್ಟಳು. "ಹುಟ್ಟು!"

ಕೆಳಗಿದ್ದವರೆಲ್ಲ ಹೋ ಎಂದರು. ಅಜ್ಜಿ ತಿರುಗಿಯೂ ನೋಡದೆ ಸೀದಾ ಪೀಠದ ಕಡೆ ಹೋದಳು. "ಎದ್ರಾ? ಚಹಾ ತಣ್ಣಗಾಗುತ್ತೆ," ಎನ್ನುವ ದನಿ ಕೇಳಿತು. ಮಿಯೆನ್ ರೇಲಿಂಗ್ ಹಿಡಿದು ನಿಂತು ಕಣ್ಣೊರೆಸಿಕೊಂಡಳು.

ಊಟದ ಹೊತ್ತಿಗೆ ದೂರದ ನೆಂಟಳೊಬ್ಬಳು ಮೆಟ್ಟಿಲು ತೋರಿಸಿ, "ಎಷ್ಟು ಚೆನ್ನಾಗಿದೆ! ಈ ಓಣಿಗೆ ಇದೇ ಮೊದಲನೇ ಗಾಜಿನ ಮೆಟ್ಟಿಲಂತೆ?" ಎಂದು ಕೇಳಿದಳು.

ತಿಂಗಳ ಹಿಂದಾದರೆ ಮಿಯೆನ್ ಅದಕ್ಕೆ ಅರ್ಧ ಗಂಟೆ ಉತ್ತರ ಹೇಳುತ್ತಿದ್ದಳು.

"ಮೊದಲನೇದೋ ಎರಡನೇದೋ ಗೊತ್ತಿಲ್ಲ," ಎಂದಳು ಈಗ, ಎದೆ ಉಬ್ಬಿಸಿ. "ನಮ್ಮತ್ತೆ ಹತ್ತುತಾರೆ. ದಿನಾ."

ಪಕ್ಕದಲ್ಲಿ ಕೂತಿದ್ದ ದಿಯೆಪ್ ಹೊಸ ಆವ್ ಜಾಯ್‌ನ ಸೊಂಟ ಎಳೆದುಕೊಳ್ಳುತ್ತ, "ಮೆಟ್ಟಿಲು ಸರಿಹೋಯ್ತು. ಇದನ್ಯಾವಾಗ ಸರಿಮಾಡ್ತೀಯಾ? ಉಸಿರಾಡೋಕೆ ಆಗ್ತಿಲ್ಲ," ಎಂದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಗಾಜಿನ ಮೆಟ್ಟಿಲಿದೆಯೇ? ಮಾಡಿಸುವ ಆಸೆ ಇದೆಯೇ? ಖಂಡಿತ ಮಾಡಿಸಿ, ಬೆಳಕು ಯಾರಿಗೆ ಬೇಡ! ಆದರೆ ಗಾಜು ಪದರದ್ದೇ, ಅಂದರೆ ಲ್ಯಾಮಿನೇಟೆಡ್ಡೇ ಎಂದು ಅಂಚು ನೋಡಿ ಕೇಳಿ. ಮೇಲ್ಮೈ ಒರಟಾಗಿರಲಿ, ಅಂಚು ಎದ್ದು ಕಾಣಲಿ, ಹಿಡಿಯಲು ರೇಲಿಂಗ್ ಇರಲಿ, ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಲಿ. ಒದ್ದೆಯಿದ್ದರೆ ಒರೆಸಿದ ಮೇಲೇ ಹತ್ತಿ. ಬಿರುಕು ಕಂಡ ದಿನವೇ ದಾರಿ ಮುಚ್ಚಿ, ತಿಳಿದವರನ್ನು ಕರೆಸಿ. ಇವತ್ತೇ ಒಂದು ಟೇಪು ತಂದು ನಿಮ್ಮ ಮೆಟ್ಟಿಲುಗಳ ಎತ್ತರ ಅಳೆದು ನೋಡಿ. ಮತ್ತೆ, ಮನೆಯ ಹಿರಿಯರು ಯಾರಾದರೂ ಇದ್ದಕ್ಕಿದ್ದ ಹಾಗೆ ಮಂಡಿ ನೋವು ಎಂದು ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರೆ, ಮಂಡಿಯ ಜೊತೆಗೆ ಒಮ್ಮೆ ಮೆಟ್ಟಿಲನ್ನೂ ನೋಡಿ.